ಸರಕಾರದ ಖುರ್ಚಿಗೆ ಬೆನ್ನು

ನಮ್ಮ ಊರು ಯಾವ ಸಂಸ್ಥಾನಕ್ಕೆ ಸೇರಿತ್ತು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಜಮಖಂಡಿ, ಮುಧೋಳ, ರಬಕವಿ, ಬನಹಟ್ಟಿ ಈ ಸುತ್ತಿನಲ್ಲಿ ಆಗ ಎಲ್ಲಿ ನೋಡಿದರೂ ಸಂಸ್ಥಾನಗಳ ಗಡಿ, ಹದ್ದು. ಒಂದು ಹಳ್ಳ ದಾಟಿದರೆ ಒಬ್ಬ ರಾಜರು, ಇನ್ನೊಂದು ದಾಟಿದರೆ ಇನ್ನೊಬ್ಬರು, ಬೀಳಗಿಯ ಕಡೆ ಹೋದರೆ ಇಂಗ್ರೇಜಿಯವರೇ ನೇರ ಆಳುವ ಖಾಲ್ಸಾ ಮುಲುಕು. ಇಂಥದ್ದರಲ್ಲಿ ಯಾವುದೋ ಒಂದು ಕಡೆ ನಾನು ಕನ್ನಡ ಸಾಲೆಯ ಮಾಸ್ತರನಾಗಿದ್ದೆ ಎಂದು ತಿಳಿದರೆ ಸಾಕು. ಸಂಸ್ಥಾನಗಳು ಹೋಗಿ ಎಷ್ಟೋ ವರ್ಷಗಳಾದವು, ಇನ್ನು ಯಾರು ಬಂದು ನನ್ನ ಕೊರಳಪಟ್ಟಿ ಹಿಡಿಯುತ್ತಾರೆ? ಯಾರೂ ಇಲ್ಲ. ಆದರೂ ಊರಿನ ಹೆಸರು ಬರೆಯಲು ಹೋದರೆ ಕೈ ತಡೆಯುತ್ತದೆ. ಬೈದುಕೊಳ್ಳುತ್ತೇನೆ, ಮತ್ತೆ ತಡೆಯುತ್ತದೆ.

ನನಗೆ ನಾಟಕದ ಹುಚ್ಚು. ಪದ ಗುನುಗುತ್ತ ತಿರುಗುವವರ ಹುಚ್ಚಲ್ಲ, ತಪ್ಪು ಹುಡುಕುವ ಹುಚ್ಚು. ನಟ ಕೈ ಎತ್ತಿದರೆ ಯಾಕೆ ಎತ್ತಿದ, ಎತ್ತಿದ ಕೈಯನ್ನು ಇಳಿಸಲು ಯಾಕೆ ಮರೆತ, ಮಗ ಸತ್ತ ಸುದ್ದಿ ಕೇಳಿದ ತಂದೆ ಹಾರ್ಮೋನಿಯಂ ಪೇಟಿಯವನ ಸ್ವರಕ್ಕೆ ಯಾಕೆ ಕಾಯುತ್ತ ನಿಂತ, ಇಂಥವೆಲ್ಲ ನನ್ನ ತಲೆ ತಿನ್ನುತ್ತಿದ್ದವು. ಊರಿಗೆ ಬಂದ ನಾಟಕ ಕಂಪನಿಗಳ ಮೇಲೆ ಖಾಲ್ಸಾ ಊರೊಂದರಲ್ಲಿ ಅಚ್ಚಾಗುವ ವಾರಪತ್ರಿಕೆಗೆ ಬರೆದು ಕಳಿಸುತ್ತಿದ್ದೆ. ಕೆಳಗೆ 'ಒಬ್ಬ ಪ್ರೇಕ್ಷಕ' ಎಂದಿರುತ್ತಿತ್ತು. ಸಂಸ್ಥಾನದ ನೌಕರ ಹೊರಗಿನ ಪತ್ರಿಕೆಗೆ ಬರೆಯಕೂಡದು ಎಂಬ ಹುಕುಮು ಇತ್ತು, ಹಾಗಾಗಿ ಈ ಸಂಗತಿ ನನ್ನ ಹೆಂಡತಿಯೊಬ್ಬಳಿಗೇ ಗೊತ್ತು.

ಆಕೆ ಬನಹಟ್ಟಿಯ ನೇಕಾರರ ಮನೆಯ ಮಗಳು. ಬಾಯಿ ಜೋರು, ಕಣ್ಣು ಅದಕ್ಕಿಂತ ಜೋರು. ನನ್ನ ಬರೆಹ ಕೇಳಿ, "ನೀವು ಮಂದೀನ್ನ ಬೈಯೂದು ಛಲೋ ಬೈತೀರಿ. ಒಮ್ಮೆ ಆ ಕುಂಚ ಹಿಡದ ಬಣ್ಣಾ ಹಚ್ಚಿಕೊಂಡ ನಿಂದರ್ರಿ ನೋಡೂಣು" ಎನ್ನುತ್ತಿದ್ದಳು.

ಆ ವರ್ಷ ಬಂದ ಕಂಪನಿ ಪೇಟೆಯ ಹೊರಗೆ ತಗಡಿನ ಥೇಟರು ಹಾಕಿ ಮೂರು ತಿಂಗಳು ಕ್ಯಾಂಪ್ ಮಾಡಿತ್ತು. ನಮ್ಮ ಸಂಸ್ಥಾನದಲ್ಲಿ ಒಂದು ಪದ್ಧತಿ. ನಾಟಕಕ್ಕೆ ಸರಕಾರದವರು, ಅಂದರೆ ನಮ್ಮ ರಾಜರು, ಬರಲಿ ಬಿಡಲಿ, ಅವರ ಖುರ್ಚಿ ಮಾತ್ರ ಬರಲೇಬೇಕು. ರಾಜರ ವಾಡೆಯಿಂದ ಇಬ್ಬರು ಆಳುಗಳು ಹೊತ್ತು ತರುತ್ತಿದ್ದರು. ಗಂಡಸರ ಬದಿಗೆ, ರಂಗದ ಎಡಮೂಲೆಯ ಎದುರಿಗೆ ಅದನ್ನು ಇಟ್ಟು, ಮೇಲೆ ಶಾಲು ಹೊದಿಸಿ, ಮಾಲೆ ಹಾಕುತ್ತಿದ್ದರು. ಬಂದ ಪಾತ್ರ ಮೊದಲು ಆ ಖುರ್ಚಿಗೆ ಬಾಗಿ ಸಲಾಮು ಹೊಡೆದು ಮುಜರೆ ಮಾಡಬೇಕು. ಖುರ್ಚಿಗೆ ಬೆನ್ನು ಕೊಡಬಾರದು. ದೊಡ್ಡ ಮಾತುಗಳನ್ನು ಅದರ ಕಡೆ ಮುಖ ಮಾಡಿಯೇ ಆಡಬೇಕು. ಮೂರು ತಿಂಗಳಲ್ಲಿ ಸರಕಾರದವರು ಬಂದದ್ದು ಒಂದೇ ಸಲ. ಉಳಿದ ದಿನವೆಲ್ಲ ಇಡೀ ಕಂಪನಿ ಒಂದು ಶಾಲಿನ ಎದುರು ಅತ್ತಿತು, ನಕ್ಕಿತು, ಯುದ್ಧ ಮಾಡಿತು.

ಹೆಂಗಸರು ಕೂಡುತ್ತಿದ್ದುದು ಬಲಕ್ಕೆ, ಬಿದಿರಿನ ಗಿಡ್ಡ ತಟ್ಟಿಯ ಆಚೆ. ಒಂದು ದಿನ ಮನೆಗೆ ಬಂದು ಹೆಂಡತಿ ಸಿಡಿಮಿಡಿ ಮಾಡಿದಳು. "ಆ ರಾಣಿ ಪಾತ್ರದಾಂವ ಅಳತಾನೋ ನಗತಾನೋ ನಮಗೇನ ಗೊತ್ತ ಆಗಬೇಕ್ರಿ? ಬರೇ ಬೆನ್ನ ಕಾಣತೈತಿ. ಎರಡ ತಿಂಗಳ ಆತು, ನಾನು ಆ ಕುಬಸದ ಗಂಟು ಎಣಿಸಿಕೋತ ಕುಂತೇನಿ."

ರಾಣಿಯ ಪಾತ್ರ ಮಾಡುವವನು ರಬಕವಿಯವನು, ಮಗ್ಗದ ಮನೆಯಿಂದ ಬಂದವನು, ನಾಲ್ವತ್ತರ ಆಚೀಚೆ. ಅಕ್ಷರ ಗೊತ್ತಿರಲಿಲ್ಲ. ಮಾತು, ಪದ ಎಲ್ಲವನ್ನೂ ಬೇರೆಯವರಿಂದ ಓದಿಸಿ ಕಿವಿಯಿಂದಲೇ ಕಲಿತವನು. ಸಾಲೆ ಬಿಟ್ಟ ಮೇಲೆ ನಾನು ಅವರ ತಾಲೀಮು ನೋಡಲು ಹೋಗುತ್ತಿದ್ದೆ, ಹಾಗೆ ಪರಿಚಯ. ಹೆಣ್ಣಿನ ನಡಿಗೆ ಎಲ್ಲಿ ಕಲಿತಿರಿ ಎಂದು ಒಮ್ಮೆ ಕೇಳಿದ್ದೆ.

"ಕಲಿಯೂದೇನೈತ್ರಿ ಮಾಸ್ತರ್ರ. ನಮ್ಮವ್ವನ್ನ ನೋಡಿದೆ. ನನ್ನ ತಂಗಿ ಸತ್ತ ದಿನಾ ನಮ್ಮವ್ವ ಅಳಲಿಲ್ಲ. ಮಗ್ಗದ ಮುಂದ ಕುಂತು ಕಡದ ಎಳಿಗೆ ಗಂಟ ಹಾಕಾಕತ್ತಿದ್ಲು. ಹಾಕಿದ ಗಂಟ ಬಿಚ್ಚತಿತ್ತು, ಮತ್ತ ಹಾಕತಿದ್ಲು. ಅಂಥಾ ಗಂಟು ಆಕಿ ಕಣ್ಣ ಮುಚ್ಚಿ ಹಾಕಾಕಿ."

ನಾಟಕದಲ್ಲಿ ರಾಣಿ ತನ್ನ ಕೂಸಿನ ಜೀವ ಉಳಿಸಲು ಅದನ್ನು ದಾಸಿಯ ಕೈಗೆ ಕೊಟ್ಟು ಕಳಿಸುವ ಒಂದು ಪ್ರವೇಶವಿತ್ತು. ತಾಲೀಮಿನಲ್ಲಿ ಆತ ಅಲ್ಲಿ ಸೆರಗಿನ ತುದಿಯ ಎಳೆ ಹಿಡಿದು ಎರಡು ಬೆರಳಲ್ಲಿ ಹೊಸೆಯುತ್ತಿದ್ದ. ಬಣ್ಣ ಹಚ್ಚಿ ರಂಗಕ್ಕೆ ಬಂದರೆ ಅದೇ ಇಲ್ಲ. ಎರಡೂ ಕೈ ಖುರ್ಚಿಯ ಕಡೆ ಚಾಚಿ ದೊಡ್ಡದಾಗಿ ಅಳುತ್ತಿದ್ದ. ಯಾಕೆ ಎಂದದ್ದಕ್ಕೆ ಆತ ಹೇಳಿದ, "ಆ ಖುರ್ಚಿ ನನ್ನ ಅರ್ಧಾ ಪಾತ್ರಾ ತಿಂದ ಬಿಡತೈತ್ರಿ ಮಾಸ್ತರ್ರ. ಖಾಲಿ ಖುರ್ಚಿ ಮುಂದ ಸಣ್ಣದೇನೂ ಮಾಡಾಕ ಬರಂಗಿಲ್ಲ."

ಅಭಿನಯದ ಬಗ್ಗೆ ನಾನು ಹತ್ತು ವರ್ಷ ಬರೆದದ್ದರಲ್ಲಿ ಇಷ್ಟು ಖರೆ ಇರಲಿಲ್ಲ. ವಿಮರ್ಶೆಯಲ್ಲಿ ಬರೆದೆ: ಕಂಪನಿ ಜನರಿಗಾಗಿ ಆಡುತ್ತಿಲ್ಲ, ಖಾಲಿ ಖುರ್ಚಿಗಾಗಿ ಆಡುತ್ತಿದೆ, ಅರ್ಧ ಪ್ರೇಕ್ಷಕರಿಗೆ ಬರಿಯ ಬೆನ್ನು ಕಾಣುತ್ತದೆ. ನಟರೊಬ್ಬರು ನನಗೆ ಹೀಗೆ ಹೇಳಿದರು ಎಂದು ಆತನ ಮಾತನ್ನು ಇದ್ದ ಹಾಗೆಯೇ ಸೇರಿಸಿದೆ. ನನ್ನ ಕಣ್ಣಲ್ಲಿ ಇದು ರಂಗದ ಮಾತು. ರಾಜಕೀಯ ನನ್ನ ಕನಸಿನಲ್ಲೂ ಇರಲಿಲ್ಲ. ಎಂಥ ಹುಂಬ ನಾನು!

ಗುರುವಾರ ಪತ್ರಿಕೆ ಬಂತು. ಶುಕ್ರವಾರ ಹಾಜರಿ ತೆಗೆದುಕೊಳ್ಳುತ್ತಿದ್ದಾಗ ಬಾಗಿಲಲ್ಲಿ ಕಚೇರಿಯ ಜವಾನ ಪಟ್ಟೇವಾಲ ನಿಂತಿದ್ದ. "ಮಾಸ್ತರ್ರ, ಕಾರಭಾರಿ ಸಾಹೇಬರು ಕರದಾರ. ಈಗಿಂದೀಗ ಬರಬೇಕಂತ." ಕಾರಭಾರಿ ಅಂದರೆ ಸಂಸ್ಥಾನದ ಆಡಳಿತವೆಲ್ಲ ಅವರ ಕೈಯಲ್ಲಿ. ಅವರು ಕರೆದು ಕಳಿಸಿದರೆ ಜನ ಮನೆಯಲ್ಲಿ ದೇವರಿಗೆ ಕೈ ಮುಗಿದು ಹೊರಡುತ್ತಿದ್ದರು. ಹಾಜರಿ ಪುಸ್ತಕ ಮುಚ್ಚಿದೆನೋ ಇಲ್ಲವೋ ನೆನಪಿಲ್ಲ.

ಕಚೇರಿಯಲ್ಲಿ ಅವರ ಮೇಜಿನ ಮೇಲೆ ಅದೇ ಪತ್ರಿಕೆ. ಪಕ್ಕದಲ್ಲಿ ಒಬ್ಬ ಕಾರಕೂನ ನಿಂತಿದ್ದ, ನಮ್ಮ ಕಡೆಯವನೇ. ಸಾಹೇಬರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅವರು ಆಡಿದ ಮರಾಠಿಯನ್ನು ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಮಾಸ್ತರ್, ಈ ಪತ್ರಿಕೆ ನೋಡಿದ್ದೀರಾ?"

"ಇಲ್ಲ ಸಾಹೇಬರೇ. ಇದನ್ನು ಕಣ್ಣಿನಿಂದ ಕಂಡಿಲ್ಲ."

"ಒಳ್ಳೆಯದು. ಇದರಲ್ಲಿ ನಮ್ಮ ಸರಕಾರದವರ ಖುರ್ಚಿಯ ಬಗ್ಗೆ ಏನೋ ಇದೆಯಂತೆ. ನೀವು ಕನ್ನಡದ ಮಾಸ್ತರರು, ಓದಿ ಅರ್ಥ ಹೇಳಿ."

ಹೋದ ಜೀವ ಬಂದ ಹಾಗಾಯಿತು. ನನ್ನನ್ನು ಹಿಡಿಯಲು ಕರೆದಿಲ್ಲ, ಓದಲು ಕರೆದಿದ್ದಾರೆ! ಆ ಸಮಾಧಾನವೇ ನನ್ನ ತಲೆ ಕೆಡಿಸಿತು, ಕನ್ನಡ ಓದಬಲ್ಲ ಕಾರಕೂನ ಪಕ್ಕದಲ್ಲೇ ಇರುವಾಗ ನಾನು ಯಾಕೆ ಎಂದು ಯೋಚಿಸಲಿಲ್ಲ. ಓದತೊಡಗಿದೆ. ಮೊದಲು ತಡವರಿಸುತ್ತ ಓದಿದೆ, ಬೇಕೆಂದೇ. ಆದರೆ ತಾನು ಬರೆದದ್ದನ್ನು ತಾನೇ ಕೆಟ್ಟದಾಗಿ ಓದುವುದು ಬಲು ಕಷ್ಟ. ನಾಲ್ಕು ಸಾಲು ಆಗುವುದರೊಳಗೆ ನನಗೇ ಗೊತ್ತಿಲ್ಲದೆ ದನಿ ಏರಿತು, ವಾಕ್ಯ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಿಸಿದೆ, ಎಲ್ಲಿ ಒತ್ತಬೇಕೋ ಅಲ್ಲಿ ಒತ್ತಿದೆ. ನಟರೊಬ್ಬರು ನನಗೆ ಹೇಳಿದರು ಎಂದು ಓದಿ, ಖುರ್ಚಿ ಅರ್ಧ ಪಾತ್ರ ತಿನ್ನುವ ಮಾತನ್ನು ಓದಿ, ಮರಾಠಿಯಲ್ಲಿ ಅದರ ಅರ್ಥವನ್ನೂ ಹೇಳಿ, ಮುಂದಿನ ಸಾಲಿಗೆ ಹೋದೆ.

ಕಾರಕೂನ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದ. "ಮಾಸ್ತರ್ರ, ಅಲ್ಲಿ ಕಾಗದನ ಇಲ್ಲಲ್ರಿ. ಏನ ಓದಾಕತ್ತೀರಿ?"

ನೋಡಿದೆ. ಅಂಚೆಯ ಮೇಲ್ಪಟ್ಟಿ ಅಂಟಿಕೊಂಡು, ಬಿಚ್ಚುವಾಗ ಒಂದು ಚೂರು ಕಾಗದ ಕಿತ್ತು ಹೋಗಿತ್ತು. ನಟನ ಮಾತಿದ್ದ ಮೂರು ಸಾಲು ಆ ಹಾಳೆಯಲ್ಲಿ ಇರಲೇ ಇಲ್ಲ. ಅವನ್ನು ನಾನು ನೆನಪಿನಿಂದ ಓದಿದ್ದೆ.

"ಅಂದಾಜಿನಲೆ ಓದಿದೆನ್ರಿ" ಎಂದೆ. ಸಾಹೇಬರು ಕಾರಕೂನನಿಗೆ ಸನ್ನೆ ಮಾಡಿದರು. ಆತ ಹೊರಗೆ ಹೋಗಿ ಊರಿನ ವಾಚನಾಲಯದ ಪ್ರತಿ ತಂದ. ಅದು ಬರುವತನಕ ನಾನು ನಿಂತೇ ಇದ್ದೆ. ಸಾಹೇಬರು ಬೇರೆ ಕಾಗದಗಳಿಗೆ ಸಹಿ ಹಾಕುತ್ತಿದ್ದರು, ಒಮ್ಮೆಯೂ ತಲೆ ಎತ್ತಲಿಲ್ಲ. ಬೆವರು ಬೆನ್ನಿನಿಂದ ಇಳಿದು ಧೋತರದ ಗಂಟಿನವರೆಗೆ ಹೋಯಿತು. ಕಾರಕೂನ ಹೊಸ ಪ್ರತಿ ಓದಿದ. ನನ್ನ ಅಂದಾಜಿನಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ಸಾಹೇಬರು ಸಿಟ್ಟಿಗೇಳಲಿಲ್ಲ. ಸಿಟ್ಟಿಗೆದ್ದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದರು, "ಬರೆದವರು ಯಾರು ಎಂದು ನಾನು ಕೇಳುವುದಿಲ್ಲ ಮಾಸ್ತರ್. ಅವರು ಊರಲ್ಲೇ ಇರುತ್ತಾರೆ, ಬೇಕಾದಾಗ ಸಿಗುತ್ತಾರೆ. ನನಗೆ ಬೇಕಾದದ್ದು ಆ ನಟ. ಬೇರೆ ಊರಿನಿಂದ ಬಂದು, ನಮ್ಮ ಅನ್ನ ಉಂಡು, ನಮ್ಮ ಸರಕಾರದ ಖುರ್ಚಿಯನ್ನು ಖಾಲಿ ಎಂದವನು. ರವಿವಾರ ಮಧ್ಯಾಹ್ನದ ಆಟಕ್ಕೆ ನಾನು ಬರುತ್ತೇನೆ. ಆಟ ಮುಗಿಯುವುದರೊಳಗೆ ಅವನ ಹೆಸರು ಹೇಳಿ. ಇಲ್ಲದಿದ್ದರೆ ಸೋಮವಾರ ಸಾಲೆಗೆ ಬರಬೇಡಿ. ಊರಲ್ಲಿಯೂ ಇರಬೇಡಿ."

ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಹೆಂಡತಿಗೆ ಹೇಳಿದಾಗ ಆಕೆ ಮೊದಲು ಮಾಡಿದ ಕೆಲಸ ನನ್ನ ಹಳೆಯ ಬರೆಹಗಳನ್ನೆಲ್ಲ ಟ್ರಂಕಿನಿಂದ ತೆಗೆದು ಒಲೆಗೆ ಹಾಕಿದ್ದು. ಹತ್ತು ವರ್ಷದ ಕಾಗದ. ರೊಟ್ಟಿ ಬೇಯುವಷ್ಟು ಹೊತ್ತಿನಲ್ಲಿ ಬೂದಿಯಾಯಿತು. ಆಮೇಲೆ ಕೇಳಿದಳು, "ಹೆಸರ ಹೇಳಾವರೇನ್ರಿ?"

"ಮೂರು ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗೋಣ?" ಎಂದೆ.

"ನಾ ಅದನ್ನ ಕೇಳಲಿಲ್ಲ" ಎಂದಳು.

ಆ ಎರಡು ದಿನ ಬೀದಿಯಲ್ಲಿ ಕೆರವಿನ ಸಪ್ಪಳ ಕೇಳಿದರೆ ಎದ್ದು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ. ಸಾಲೆಯಲ್ಲಿ ಮಗ್ಗಿ ಹೇಳುವ ಹುಡುಗರ ದನಿ ಒಮ್ಮೆಲೇ ನಿಂತರೆ ಬಾಗಿಲ ಕಡೆ ನೋಡುತ್ತಿದ್ದೆ. ಶನಿವಾರ ಮಧ್ಯಾಹ್ನ ಥೇಟರಿಗೆ ಹೋದೆ. ಆತನನ್ನು ಎಚ್ಚರಿಸಲು ಹೋಗುತ್ತೇನೆ ಎಂದು ಹೆಂಡತಿಗೆ ಹೇಳಿದ್ದೆ. ಸುಳ್ಳು. ಆತನೇ ಏನಾದರೂ ದಾರಿ ಹುಡುಕಿ ನನ್ನನ್ನು ಉಳಿಸಲಿ ಎಂಬ ಆಸೆಯಿಂದ ಹೋದೆ.

ಆತ ರಂಗದ ಹಿಂದೆ ಕೂತು ತನ್ನ ಸೀರೆಗೆ ಹೊಲಿಗೆ ಹಾಕುತ್ತಿದ್ದ. ಎಲ್ಲ ಕೇಳಿದ ಮೇಲೆ ಆತನ ಮುಖದಲ್ಲಿ ಭಯ ಕಾಣಲಿಲ್ಲ, ಕುತೂಹಲ ಕಂಡಿತು. "ನೀವು ಬರದದ್ದ ಏನೈತಿ ಅಂತ ನನಗ ಯಾರೂ ಓದಿ ಹೇಳಿಲ್ರಿ. ಬಾಯಾಗ ಇದ್ರ ಹೇಳ್ರಿ."

ಹೇಳಿದೆ. ಪಿಸುಮಾತಿನಲ್ಲಿ, ಬಾಗಿಲ ಕಡೆ ನೋಡುತ್ತ, ಪೂರ್ತಿ ಹೇಳಿದೆ. ಆತ ಸೂಜಿ ನಿಲ್ಲಿಸಿ ಕೇಳಿದ.

"ನನ್ನ ಅಳೂದು ದೊಡ್ಡದ ಆತು ಅಂತ ಬರದೀರಿ?"

"ಹೌದು."

"ಖರೆ ಐತ್ರಿ. ಮಂದಿ ಇಪ್ಪತ್ತ ವರ್ಷ ನನ್ನ ಸೀರಿ ಹೊಗಳ್ಯಾರ, ದನಿ ಹೊಗಳ್ಯಾರ. ಕೆಲಸದಾಗ ಏನ ತಪ್ಪೈತಿ ಅಂತ ಯಾರೂ ನೋಡಿದ್ದಿಲ್ಲ." ಮತ್ತೆ ಸೂಜಿ ಎತ್ತಿಕೊಂಡು ಕೇಳಿದ, "ಮಕ್ಕಳ ಎಷ್ಟ್ರಿ ನಿಮಗ?"

"ಮೂರು."

"ನನಗ ಯಾರೂ ಇಲ್ರಿ. ಅವ್ವ ಅದಾಳ, ಮಗ್ಗ ಐತಿ. ನಾಳೆ ನೀವು ಬಾಯಿ ಬಿಡಬ್ಯಾಡ್ರಿ. ಬರದಾಂವ ಯಾರು ಅಂತ ಕೇಳಿದ್ರ, ಅಕ್ಷರ ಬಾರದಾಂವ ನಾನು, ಬಂದವರೆಲ್ಲರ ಕೂಡ ಮಾತಾಡತೇನಿ, ನೆನಪಿಲ್ಲ ಅಂತೇನಿ. ಒಂದ ಕೆಲಸಾ ಮಾಡ್ರಿ. ನಾಳೆ ನಾನು ಆ ಪ್ರವೇಶ ನಮ್ಮವ್ವ ಮಾಡಿದಂಗ ಮಾಡತೇನಿ. ನೋಡಿ ಬರೀರಿ. ತಪ್ಪ ಇದ್ರ ತಪ್ಪಂತ ಬರೀರಿ."

"ಬರೀತೇನ್ರಿ" ಎಂದೆ. ಬೇಡ, ನಾನೇ ಒಪ್ಪಿಕೊಳ್ಳುತ್ತೇನೆ ಎಂದು ಹೇಳಬೇಕಾಗಿತ್ತು. ನಾಲಿಗೆಯ ತುದಿಗೂ ಆ ಮಾತು ಬರಲಿಲ್ಲ.

ರವಿವಾರ ಥೇಟರು ತುಂಬಿತ್ತು. ತಗಡಿನ ಸಂದುಗಳಿಂದ ಬಿಸಿಲು ಬರುತ್ತಿತ್ತು. ಖುರ್ಚಿ ಬಂತು, ಶಾಲು ಬಂತು, ಮಾಲೆ ಬಂತು. ಅದರ ಪಕ್ಕದ ಆಸನದಲ್ಲಿ ಸಾಹೇಬರು ಕೂತರು. ನನ್ನನ್ನು ಅವರ ಬೆನ್ನ ಹಿಂದೆಯೇ ಕೂಡಿಸಿದರು. ನಡುವೆ ಒಮ್ಮೆ ತಿರುಗಿ, "ಯಾರು ಮಾಸ್ತರ್? ಇವನೋ?" ಎಂದು ರಾಜನ ಪಾತ್ರದವನನ್ನು ತೋರಿಸಿದರು. ನಾನು ತಲೆ ಆಡಿಸಿದೆ, ಇಲ್ಲವೆಂದೋ ಗೊತ್ತಿಲ್ಲವೆಂದೋ ನನಗೇ ತಿಳಿಯದಂತೆ.

ಆ ಪ್ರವೇಶ ಬಂತು. ಕೂಸೆಂದು ಸುತ್ತಿದ ಬಟ್ಟೆ ಎತ್ತಿಕೊಂಡು ರಾಣಿ ಬಂದಳು, ಖುರ್ಚಿಗೆ ಮುಜರೆ ಮಾಡಿದಳು. ಆಮೇಲೆ ಮೆಲ್ಲಗೆ, ನೀರು ತುಂಬಿದ ಕೊಡ ಹೊತ್ತವಳ ಹಾಗೆ, ಬಲಕ್ಕೆ ಹೊರಳಿ ಖುರ್ಚಿಗೆ ಬೆನ್ನು ಮಾಡಿ ನಿಂತಳು. ಗಂಡಸರ ಬದಿಯಲ್ಲಿ ಉಸಿರು ನಿಂತಿತು. ಪೇಟಿಯವನ ಕೈ ತಪ್ಪಿ ಸ್ವರವೂ ನಿಂತಿತು. ಸಾಹೇಬರ ಕುತ್ತಿಗೆ ಕೆಂಪಾಗುವುದನ್ನು ನಾನು ಹಿಂದಿನಿಂದ ನೋಡಿದೆ.

ನನಗೆ ಕಂಡದ್ದು ಬೆನ್ನು. ಕುಬಸದ ಗಂಟು, ಸುಳ್ಳು ಜಡೆ, ಕತ್ತಿನ ಬೆವರು. ಒಂದು ಮಾತೂ ಕೇಳಿಸಲಿಲ್ಲ, ಯಾಕೆಂದರೆ ಆತ ಮಾತೇ ಆಡಲಿಲ್ಲ. ಬಿದಿರಿನ ತಟ್ಟಿಯ ಆಚೆ ಹೆಂಗಸರ ಮುಖಗಳು ಮಾತ್ರ ಕಾಣುತ್ತಿದ್ದವು. ನನ್ನ ಹೆಂಡತಿ ಕೂತಿದ್ದಳು. ಕಾಗದಗಳನ್ನು ಒಲೆಗೆ ಹಾಕುವಾಗ ಅಳದವಳು ಆಕೆ. ಈಗ ಬಾಯಿಯ ಮೇಲೆ ಸೆರಗು ಒತ್ತಿ ಹಿಡಿದಿದ್ದಳು, ಕಣ್ಣು ಒರೆಸಿಕೊಳ್ಳುವುದನ್ನೂ ಮರೆತಿದ್ದಳು.

ಆಟ ಅಲ್ಲಿಗೇ ನಿಂತಿತು. ಸಾಹೇಬರು ಎದ್ದು ನಿಂತಿದ್ದರು. ಆತ ಹೊರಳಿ ಬಂದು, ಬಣ್ಣದ ಮುಖದಲ್ಲೇ ಕೈ ಜೋಡಿಸಿ, ಗಂಡು ದನಿಯಲ್ಲಿ ಹೇಳಿದ, "ಆ ಮಾತು ಆಡಿದಾಂವ ನಾನರೀ ಸಾಹೇಬ. ಇಲ್ಲಿ ಮತ್ತ ಯಾರ ತಪ್ಪೂ ಇಲ್ಲ."

ಸಾಹೇಬರು ನನ್ನ ಕಡೆ ತಿರುಗಿದರು. "ಖರೆಯೇನು ಮಾಸ್ತರ್?"

ನಾನು ಹೌದು ಎಂದು ಗೋಣು ಹಾಕಿದೆ. ಇಷ್ಟು ಕಾಲ ಯಾರಿಗೂ ಹೇಳದ ಸಂಗತಿ ಇದು. ಆತ ಒಪ್ಪಿಕೊಂಡ ಮೇಲೂ ನಾನು ಸಾಕ್ಷಿ ಹೇಳಿದೆ.

ಕಂಪನಿ ತನ್ನ ಪರವಾನಗಿ ಉಳಿಸಿಕೊಂಡಿತು, ಆತನನ್ನು ಕೈಬಿಟ್ಟಿತು. ಸಂಜೆಯೊಳಗೆ ನಮ್ಮ ಹದ್ದು ದಾಟಬೇಕು, ಮತ್ತೆ ಇಲ್ಲಿ ಬಣ್ಣ ಹಚ್ಚಬಾರದು ಎಂದು ಹುಕುಮಾಯಿತು. ಒಂದು ಸಂಸ್ಥಾನ ಅಟ್ಟಿದವನನ್ನು ಬೇರೆ ಯಾವ ಕಂಪನಿ ಇಟ್ಟುಕೊಳ್ಳುತ್ತದೆ? ರಬಕವಿಗೆ ಹೋಗುವ ಚಕ್ಕಡಿ ನಮ್ಮ ಓಣಿಯ ಮುಂದೆಯೇ ಹಾದು ಹೋಯಿತು. ಆತ ನನ್ನ ಮನೆಯ ಕಡೆ ತಿರುಗಿಯೂ ನೋಡಲಿಲ್ಲ. ಸಿಟ್ಟಿನಿಂದಲ್ಲ, ಹಿಂದೆ ಪಟ್ಟೇವಾಲ ಬರುತ್ತಿದ್ದ.

ಅವತ್ತು ಹೆಂಡತಿ ಒಲೆಯ ಮುಂದೆ ಕೂತು ಎಲ್ಲವನ್ನೂ ಹೇಳಿದಳು. "ಕೂಸ ಕೊಡೂ ಮುಂದ ಅಳಲಿಲ್ರಿ ಆಕಿ. ದಾಸಿ ಕೂಸ ತುಗೊಂಡ ಹ್ವಾದ ಮ್ಯಾಲೆ ಸೆರಗಿನ ಎಳಿ ಹಿಡದು ಗಂಟ ಹಾಕಾಕತ್ತಿದ್ಲು. ಬಿಚ್ಚತಿತ್ತು. ಮತ್ತ ಹಾಕತಿದ್ಲು. ಬೆರಳ ಬಾಯಾಗ ಇಟ್ಟ ತೊಯಿಸಿಕೊಂಡ ಹಾಕಿದ್ಲು, ನಾವು ಮಗ್ಗದ ಮುಂದ ಹಾಕತೇವಲ್ಲ ಹಂಗ. ಆಗಲಿಲ್ಲ. ಕಡೀಕ ಆ ಎರಡೂ ತುದಿ ಹಂಗ ಹಿಡಕೊಂಡ ನಿಂತ ಬಿಟ್ಲು. ನಮ್ಮ ಬಾಜೂ ಕುಂತ ಮುದುಕಿ, 'ಬಿಡ ನನ್ನವ್ವ, ಸಾಕು' ಅಂತ ಅಂದ್ಲು. ಬರೀರಿ ಇದನ್ನ."

"ನಾನು ನೋಡಿದ್ದು ಬರೀ ಬೆನ್ನು. ನೋಡದ್ದನ್ನು ಹೇಗೆ ಬರೆಯಲಿ?" ಎಂದೆ. ದೊಡ್ಡ ನಿಯತ್ತಿನ ವಿಮರ್ಶಕ! ಆಕೆ ನನ್ನ ಮುಖ ನೋಡಿದಳು, ಎದ್ದು ಒಳಗೆ ಹೋದಳು.

ಸೋಮವಾರ ಸಾಲೆಗೆ ಹೋದೆ. ಹಾಜರಿ ತೆಗೆದುಕೊಂಡೆ. ಆಮೇಲೆ ಎಷ್ಟೋ ಸಲ ಕಾಗದ ತೆಗೆದು ಇಟ್ಟುಕೊಂಡೆ. ಮೊದಲ ಸಾಲು ಬರೆಯುವುದರೊಳಗೆ ಬಾಗಿಲಲ್ಲಿ ಯಾರೋ ನಿಂತ ಹಾಗೆ ಆಗುತ್ತಿತ್ತು. ಎದ್ದು ನೋಡಿದರೆ ಯಾರೂ ಇರುತ್ತಿರಲಿಲ್ಲ. ಕಾಗದ ಒಲೆಗೆ ಹೋಗುತ್ತಿತ್ತು. ವಾರಪತ್ರಿಕೆಯಲ್ಲಿ 'ಒಬ್ಬ ಪ್ರೇಕ್ಷಕ' ಮತ್ತೆ ಬರಲಿಲ್ಲ.

ಸಂಸ್ಥಾನಗಳು ವಿಲೀನವಾದ ವರ್ಷ ಬನಹಟ್ಟಿಯಿಂದ ಹೆಂಡತಿಯ ಅಣ್ಣ ಬಂದಿದ್ದ. ಊಟಕ್ಕೆ ಕೂತಾಗ ಅದೂ ಇದೂ ಮಾತಾಡುತ್ತ, ರಬಕವಿಯಲ್ಲಿ ಹಿಂದೆ ನಾಟಕದಲ್ಲಿ ಹೆಣ್ಣು ಪಾತ್ರ ಮಾಡುತ್ತಿದ್ದ ಒಬ್ಬ ನೇಕಾರ ತೀರಿಕೊಂಡ ಎಂದ. ಹೆಂಡತಿಯ ಕೈಯಲ್ಲಿದ್ದ ಸೌಟು ನಿಂತಿತು.

"ವಿಚಿತ್ರ ಮನಶ್ಯಾರೀ" ಎಂದು ಆತ ನಕ್ಕ. "ಅಕ್ಷರ ಬರತಿದ್ದಿಲ್ಲ. ಆದ್ರ ಗುರುವಾರ ಬಂತಂದ್ರ ಮಗ್ಗ ಬಿಟ್ಟ ಎದ್ದು ಚಾದ ಅಂಗಡಿಗೆ ಬರಾಂವ. ಯಾರರ ಓದು ಬಂದವರನ್ನ ಹಿಡದು ಆ ವಾರಪತ್ರಿಕೆ ಪೂರಾ ಓದಸಾಂವ. ನಾಟಕದ ಸುದ್ದಿ ಏನರ ಐತೇನ ನೋಡ್ರಿ ಅನ್ನಾಂವ. ಇಲ್ಲೋ ಮಾರಾಯಾ ಅಂದ್ರ, ಆತು, ಮುಂದಿನ ವಾರ ಬರತೈತಿ, ಮಾಸ್ತರ್ರು ಬರೀತೇನಿ ಅಂದಾರ ಅಂತ ಹೇಳಿ ಮನಿಗೆ ಹೋಗಾಂವ. ಇಷ್ಟ ವರ್ಷ ಒಂದ ವಾರನೂ ತಪ್ಪಿಸಲಿಲ್ಲ. ಯಾವ ಮಾಸ್ತರೋ ಏನೋ ಪಾ."